ಮೊದಲು ಹಾಸು, ಆಮೇಲೆ ಹೊಕ್ಕು: ಮಳೆಗಾಲದ ಜಗಲಿಯಲ್ಲಿ ಬಟ್ಟೆ ನೇಯಲು ಕಲಿಯುವುದು

ನಾಟಿ ಮುಗಿದು ಆಶ್ಲೇಷ ಮಳೆ ಹಿಡಿದು ಕೂತಾಗ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಕೈಗೆ ಒಂದಿಷ್ಟು ಬಿಡುವು ಸಿಗುತ್ತದೆ. ನೇಯ್ಗೆ ಕಲಿಯಲು ಅದು ಒಳ್ಳೆಯ ಕಾಲ. ಹತ್ತಿ ನೂಲು ತೇವ ಕುಡಿದಾಗ ಗಟ್ಟಿಯಾಗುತ್ತದೆ. ಬೇಸಿಗೆಯ ಒಣ ಹವೆಯಲ್ಲಿ ಪಟ್ಟನೆ ಕಡಿಯುವ ಎಳೆ ಮಳೆಗಾಲದಲ್ಲಿ ಎಳೆತ ತಾಳಿಕೊಳ್ಳುತ್ತದೆ. ಆದರೆ ಅದೇ ತೇವ ಮೊಳೆಗೆ ತುಕ್ಕು ಹಿಡಿಸುತ್ತದೆ, ಗಂಜಿಗೆ ಬೂಷ್ಟು ತರುತ್ತದೆ, ಮರವನ್ನು ಉಬ್ಬಿಸುತ್ತದೆ. ಇದೆಲ್ಲವನ್ನೂ ಗಮನದಲ್ಲಿಟ್ಟುಕೊಂಡೇ ಇಲ್ಲಿನ ವಿಧಾನ ಹೇಳಿದ್ದೇವೆ.

ನೇಯ್ದ ಬಟ್ಟೆಯಲ್ಲಿ ಎರಡು ಬಗೆಯ ಎಳೆಗಳಿರುತ್ತವೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ನಿಲ್ಲಿಸಿದ್ದು ಹಾಸು. ಅದರ ನಡುವೆ ಅಡ್ಡಲಾಗಿ ಹಾಯಿಸುವುದು ಹೊಕ್ಕು. ಮಾತಿನಲ್ಲಿ ದಿನಾ ಬಳಸುವ ‘ಹಾಸುಹೊಕ್ಕು’ ಇದೇ. ಹೊಸಬರ ಗಮನವೆಲ್ಲ ಹೊಕ್ಕಿನ ಮೇಲೆ, ಅದರ ಬಣ್ಣದ ಮೇಲೆ ಇರುತ್ತದೆ. ಆದರೆ ಬಟ್ಟೆ ಕೆಡುವುದು ಬಹುಪಾಲು ಹಾಸು ಕಟ್ಟುವಾಗಲೇ. ಹೊಕ್ಕು ತಪ್ಪಿದರೆ ಎರಡು ಸಾಲು ಬಿಚ್ಚಿ ಮತ್ತೆ ಹಾಯಿಸಬಹುದು. ಹಾಸು ತಪ್ಪಿದರೆ ಕೊನೆಯವರೆಗೂ ಆ ತಪ್ಪಿನ ಜೊತೆಗೇ ನೇಯಬೇಕು. ಹಾಗಾಗಿ ಮೊದಲ ಅರ್ಧ ದಿನವನ್ನು ಪೂರ್ತಿ ಹಾಸಿಗೇ ಕೊಡಿ.

ಮೊದಲ ಕೆಲಸಕ್ಕೆ ಮಣೆಯ ಮೇಲೆ ಹಾಕಿಕೊಳ್ಳುವ ಆಸನ ಸರಿ. ಅಗಲ 36 ಸೆಂ.ಮೀ., ಉದ್ದ 45 ಸೆಂ.ಮೀ. ಹೊಕ್ಕಿಗೆ ಹಳೆಯ ಹತ್ತಿ ಸೀರೆ ಸಾಕು. ಟವೆಲ್, ಪಂಚೆ, ಸೀರೆಯ ಆಸೆಯನ್ನು ಈ ಹಂತದಲ್ಲಿ ಬದಿಗಿಡಿ. ಸಣ್ಣ ನೂಲಿನಲ್ಲಿ ಒಂದು ಸೆಂ.ಮೀ.ಗೆ ಇಪ್ಪತ್ತಕ್ಕೂ ಹೆಚ್ಚು ಎಳೆ ಬರುತ್ತವೆ, ಅಷ್ಟನ್ನು ಸಂಭಾಳಿಸಲು ಕುಣಿಮಗ್ಗವೋ (ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವಂಥದ್ದು) ನೇಕಾರರ ದೊಡ್ಡ ಚೌಕಟ್ಟು ಮಗ್ಗವೋ ಬೇಕು. ಆಸನದಲ್ಲಿ ಒಂದು ಸೆಂ.ಮೀ.ಗೆ ಎರಡೇ ಎಳೆ, ಆದ್ದರಿಂದ ತಪ್ಪು ಕಣ್ಣಿಗೆ ಕಾಣುತ್ತದೆ, ಅದರ ಕಾರಣವೂ ಕಾಣುತ್ತದೆ.

ಚೌಕಟ್ಟು

ಆಸನಕ್ಕೆ ಮೊಳೆ ಹೊಡೆದ ಸಣ್ಣ ಮರದ ಚೌಕಟ್ಟೇ ಮಗ್ಗ. ಮಾಡಿಗೆ ಹೊಡೆಯುವ ರೀಪಿನಷ್ಟು, ಅಂದರೆ 4 ಸೆಂ.ಮೀ. ಅಗಲ 2 ಸೆಂ.ಮೀ. ದಪ್ಪದ ಮರದ ಪಟ್ಟಿ ನಾಲ್ಕು ಬೇಕು: 75 ಸೆಂ.ಮೀ. ಉದ್ದದವು ಎರಡು, 50 ಸೆಂ.ಮೀ. ಉದ್ದದವು ಎರಡು. ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುತ್ತಾ ತಿರುಚಿಕೊಂಡರೆ ಹಾಸಿನ ಒಂದು ಮೂಲೆ ಸಡಿಲಾಗಿಯೇ ಉಳಿಯುತ್ತದೆ. ಹೊನ್ನೆ ಮರ ಮನೆಯಲ್ಲಿ ಬಿದ್ದಿದ್ದರೂ ಇದಕ್ಕೆ ಬೇಡ, ತೇವ ತಾಗಿದರೆ ಬಣ್ಣ ಬಿಡುತ್ತದೆ, ಬಿಳಿ ನೂಲಿಗೆ ಕಲೆ ಕಟ್ಟುತ್ತದೆ. ಅಡಿಕೆ ದಬ್ಬೆಯೂ ಬೇಡ. ನೋಡಲು ನಯವಾಗಿದ್ದರೂ ಅದರ ನಾರು ಸಿಬಿರೆದ್ದು ಎಳೆಗಳನ್ನು ಹಿಡಿಯುತ್ತದೆ.

ಮೂಲೆಗಳಲ್ಲಿ ಒಂದರ ಮೇಲೊಂದು ಪಟ್ಟಿ ಇಟ್ಟು ಎರಡೆರಡು ಸ್ಕ್ರೂ ಹಾಕಿ. ಒಂದೇ ಸ್ಕ್ರೂ ಹಾಕಿದರೆ ಚೌಕಟ್ಟು ಅಲ್ಲಾಡಿ ಓರೆಯಾಗುತ್ತದೆ. ಎರಡು ಕರ್ಣಗಳನ್ನೂ ಟೇಪಿನಲ್ಲಿ ಅಳೆಯಿರಿ. ಎರಡೂ ಸಮ ಬಂದರೆ ಮಾತ್ರ ಚೌಕಟ್ಟು ನೆಟ್ಟಗಿದೆ ಎಂದರ್ಥ.

ಈಗ ಮೊಳೆ. ಕೆಳಗಿನ ಪಟ್ಟಿಯಲ್ಲಿ ಒಂದೊಂದು ಸೆಂ.ಮೀ.ಗೆ ಗುರುತು ಮಾಡಿ 37 ಮೊಳೆ. ಮೇಲಿನ ಪಟ್ಟಿಯಲ್ಲಿ 36, ಪ್ರತಿಯೊಂದೂ ಕೆಳಗಿನ ಎರಡು ಮೊಳೆಗಳ ನಡುವಿನ ಜಾಗಕ್ಕೆ ನೇರವಾಗಿ. ಮೊಳೆಯ ಸಾಲಿಂದ ಸಾಲಿಗೆ 70 ಸೆಂ.ಮೀ. ಇರಲಿ. ಎಲ್ಲವನ್ನೂ ಒಂದೇ ಗೆರೆಯಲ್ಲಿ ಹೊಡೆದರೆ ಮರ ಸೀಳುತ್ತದೆ, ಆದ್ದರಿಂದ ಒಂದು ಮುಂದೆ ಒಂದು ಹಿಂದೆ, ಅರ್ಧ ಸೆಂ.ಮೀ. ಅಂತರದಲ್ಲಿ ಅಂಕುಡೊಂಕಾಗಿ ಹೊಡೆಯಿರಿ. ಒಂದಿಂಚಿನ ಮೊಳೆ ಮೂರರಲ್ಲೊಂದು ಭಾಗ ಒಳಗೆ ಹೋದರೆ ಸಾಕು. ತಲೆ ಸ್ವಲ್ಪ ಹೊರಮುಖವಾಗಿ ಬಾಗಿರಲಿ, ಇಲ್ಲದಿದ್ದರೆ ದಾರ ಮೇಲಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಮೊಳೆ ಹಿತ್ತಾಳೆಯದೋ ಸ್ಟೀಲಿನದೋ ಆಗಿರಲಿ. ನಮ್ಮ ಕಡೆಯ ಮಳೆಯಲ್ಲಿ ಸಾದಾ ಕಬ್ಬಿಣದ ಮೊಳೆಗೆ ಬೇಗ ತುಕ್ಕು ಬಂದು ಹಾಸಿನ ತುದಿಗಳಲ್ಲಿ ಕಂದು ಕಲೆ ಕೂರುತ್ತದೆ, ಅದು ಒಗೆದರೆ ಹೋಗುವುದಿಲ್ಲ.

ಹಾಸು ಕಟ್ಟುವುದು

ಹಾಸಿನ ದಾರ ನಾಲ್ಕೋ ಆರೋ ಎಳೆ ಹೊಸೆದ ಹತ್ತಿಯದಾಗಿರಬೇಕು. ಚೀಲ ಹೊಲಿಯುವ ಮೆಷಿನ್ನಿನ ದಪ್ಪ ಹತ್ತಿ ದಾರ ನಡೆಯುತ್ತದೆ. ಹೂ ಕಟ್ಟುವ ದಾರಕ್ಕೆ ಹುರಿ ಸಾಲದು, ಅದು ನಡುವೆಯೇ ಬಿಚ್ಚಿಕೊಂಡು ಕಡಿಯುತ್ತದೆ. ನೈಲಾನ್ ಹುರಿ ಕಡಿಯುವುದಿಲ್ಲ ನಿಜ, ಆದರೆ ಜಾರುತ್ತದೆ, ಗಂಟೂ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ. ಒಂದು ಮೊಳ ದಾರ ಹಿಡಿದು ಜಗ್ಗಿ ನೋಡಿ, ಬೆರಳಿಗೆ ನೋವಾಗುವ ಮುಂಚೆ ಕಡಿದರೆ ಅದು ಹಾಸಿಗಲ್ಲ. ಆಮೇಲೆ ಉಗುರಿನಿಂದ ಹತ್ತು ಸಲ ಉಜ್ಜಿ, ನಾರೆದ್ದು ಜೂಲು ಜೂಲಾದರೂ ಬೇಡ.

ಎಷ್ಟು ಬೇಕು? ಮೇಲಿನ 36 ಮೊಳೆಗೆ ಎರಡೆರಡರಂತೆ 72 ಎಳೆ, ಒಂದೊಂದೂ 70 ಸೆಂ.ಮೀ. ಒಟ್ಟು ಐವತ್ತು ಮೀಟರ್ ಚಿಲ್ಲರೆ. ಅಂಚಿಗೆ, ಗಂಟಿಗೆ ಸೇರಿಸಿ 60 ಮೀಟರ್ ಇಟ್ಟುಕೊಳ್ಳಿ. ದಾರವನ್ನು ಉಂಡೆ ಮಾಡಿ ಪಾತ್ರೆಯೊಳಗೆ ಹಾಕಿಟ್ಟುಕೊಂಡರೆ ಜಗಲಿ ತುಂಬ ಉರುಳುವುದಿಲ್ಲ.

ಸುತ್ತುವ ಮೊದಲು ಮೇಲಿನ ಪಟ್ಟಿಯ ಮೇಲೆ, ಮೊಳೆಸಾಲಿನ ಕೆಳಗೆ, ಪೆನ್ಸಿಲ್ ದಪ್ಪದ ಎರಡು ಬಿದಿರು ಕಡ್ಡಿ ಇಡಿ. ದಾರ ಇವುಗಳ ಮೇಲಿಂದ ಹಾಯಬೇಕು. ಇದನ್ನು ಬಿಡಬೇಡಿ. ಹೊಕ್ಕು ಹೋದಂತೆಲ್ಲ ಹಾಸು ಮೇಲೆ ಕೆಳಗೆ ಬಾಗುತ್ತಾ ಬಿಗಿಯಾಗುತ್ತದೆ. ಮಳೆ ಜೋರಾದ ದಿನ ತೇವಕ್ಕೆ ದಾರವೂ ಕುಗ್ಗಿ ಇನ್ನಷ್ಟು ಬಿಗಿಯುತ್ತದೆ. ಆಗ ಒಂದು ಕಡ್ಡಿ ಎಳೆದುಹಾಕಿದರೆ ಹಾಸಿಗೆ ಉಸಿರು ಬರುತ್ತದೆ. ಕಡ್ಡಿ ಇಡದಿದ್ದರೆ ಎಳೆ ಎತ್ತಲೂ ಆಗದಷ್ಟು ಬಿಗಿಯಾಗಿ ಕೊನೆಯ ಗೇಣು ಬಟ್ಟೆ ನೇಯಲು ಹೆಣಗಬೇಕಾಗುತ್ತದೆ.

ಕೆಳಗಿನ ಎಡತುದಿಯ ಮೊಳೆಗೆ ದಾರ ಕಟ್ಟಿ. ಮೇಲಿನ ಮೊದಲ ಮೊಳೆಗೆ ಒಯ್ದು ಸುತ್ತಿಸಿ ಕೆಳಗಿನ ಎರಡನೆಯದಕ್ಕೆ ತನ್ನಿ, ಅಲ್ಲಿಂದ ಮೇಲಿನ ಎರಡನೆಯದಕ್ಕೆ. ಹೀಗೆ ಬಲತುದಿಯವರೆಗೆ. ಸುತ್ತುವಾಗ ತೀರಾ ಬಿಗಿಯಬೇಡಿ. ಆರಂಭದಲ್ಲಿ ಜಗ್ಗಿ ಜಗ್ಗಿ ಸುತ್ತಿದವರ ಕೈ ಮೂವತ್ತನೆಯ ಎಳೆಯ ಹೊತ್ತಿಗೆ ಸೋಲುತ್ತದೆ, ಆಗ ಎಡಗಡೆ ಬಿಗಿ, ಬಲಗಡೆ ಸಡಿಲು. ಮೊದಲು ಎಲ್ಲವನ್ನೂ ಸಮನಾಗಿ ಹದವಾಗಿ ಸುತ್ತಿ, ಕೊನೆಯ ಗಂಟು ಹಾಕುವ ಮೊದಲು ಎಡತುದಿಯಿಂದ ಒಂದೊಂದೇ ಎಳೆಯ ಸಡಿಲನ್ನು ಮುಂದಿನ ಎಳೆಗೆ ದಾಟಿಸುತ್ತಾ ಬನ್ನಿ. ಬಲತುದಿಯಲ್ಲಿ ಒಂದು ಮೊಳದಷ್ಟು ದಾರ ಮಿಕ್ಕುತ್ತದೆ. ಆಗ ಬಿಗಿದು ಕಟ್ಟಿ. ಎರಡೂ ಅಂಚಿನ ಎಳೆಗಳ ಜೊತೆಗೆ ಇನ್ನೊಂದೊಂದು ಎಳೆ ಜೋಡಿಸಿ ಕಟ್ಟಿ. ಹೊಕ್ಕು ತಿರುಗುವುದು ಅಲ್ಲೇ ಆದ್ದರಿಂದ ಅತಿ ಹೆಚ್ಚು ಸವೆಯುವುದೂ ಅಲ್ಲೇ.

ಈಗ ಕಣ್ಣು ಮುಚ್ಚಿ. ಅಂಗೈಯನ್ನು ಹಾಸಿನ ನಡುವೆ ಚಪ್ಪಟೆಯಾಗಿ ಇಟ್ಟು ಎಡದಿಂದ ಬಲಕ್ಕೆ ಮೆಲ್ಲಗೆ ಒತ್ತುತ್ತಾ ಸಾಗಿಸಿ. ಕಣ್ಣಿಗೆ ಕಾಣದ ಸಡಿಲು ಕೈಗೆ ತಕ್ಷಣ ಸಿಗುತ್ತದೆ. ಒಂದು ಎಳೆಯ ಮೇಲೆ ಕೈ ಒಳಗೆ ಇಳಿದಂತೆ ಅನಿಸಿದರೆ ಅದೇ ಸಡಿಲು. ಅದರ ಮೊಳೆಯಿಂದ ಮತ್ತೆ ತುದಿಯವರೆಗೆ ಸಡಿಲು ದಾಟಿಸಿ. ‘ನೇಯುತ್ತಾ ಸರಿಹೋಗುತ್ತದೆ’ ಎಂಬ ಮಾತು ನಂಬಬೇಡಿ. ಸಡಿಲ ಎಳೆ ಪ್ರತಿ ಸಾಲಿನಲ್ಲೂ ಮೇಲೆದ್ದು ಕೊನೆಗೆ ಬಟ್ಟೆಯ ಮೇಲೆ ಹುಳು ಹರಿದಂತೆ ಗೆರೆಯಾಗಿ ನಿಲ್ಲುತ್ತದೆ.

ಸಣ್ಣ ನೂಲಿನ ಹಾಸಿಗೆ ಅಕ್ಕಿಗಂಜಿ ಹಚ್ಚುವ ಪದ್ಧತಿ ಇದೆ, ನಾರು ಏಳದಿರಲೆಂದು. ಹೊಸೆದ ದಪ್ಪ ದಾರಕ್ಕೆ ಅದು ಬೇಕಿಲ್ಲ. ಮಳೆಗಾಲದಲ್ಲಿ ಗಂಜಿ ಹಚ್ಚಿದ ಹಾಸನ್ನು ಕಟ್ಟಿಟ್ಟರೆ ಬೂಷ್ಟು ಬರುತ್ತದೆ, ಜಿರಳೆಯೂ ಬರುತ್ತದೆ.

ಎಳೆ ಎತ್ತುವ ವ್ಯವಸ್ಥೆ

ಸಾದಾ ನೇಯ್ಗೆಯಲ್ಲಿ ಒಂದು ಸಾಲಿಗೆ 1, 3, 5ನೆಯ ಎಳೆಗಳು ಮೇಲೆ, ಮುಂದಿನ ಸಾಲಿಗೆ 2, 4, 6. ಪ್ರತಿ ಸಲ ಬೆರಳಿನಿಂದ ಆರಿಸುತ್ತಾ ಕೂತರೆ ಒಂದು ಸಾಲಿಗೇ ಐದು ನಿಮಿಷ ಹೋಗುತ್ತದೆ. ಅದಕ್ಕೆ ಎರಡು ಉಪಾಯ.

ಮೊದಲನೆಯದು 4 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ತೆಳು ಹಲಗೆ, ಅಂಚುಗಳನ್ನು ಮರಳುಕಾಗದದಲ್ಲಿ ಉಜ್ಜಿ ನಯ ಮಾಡಿದ್ದು. ಅದನ್ನು ಒಂದು ಬಿಟ್ಟು ಒಂದು ಎಳೆಯ ಕೆಳಗೆ ತೂರಿಸಿ. ಅಡ್ಡಲಾಗಿ ಎಬ್ಬಿಸಿ ನಿಲ್ಲಿಸಿದರೆ ಅರ್ಧ ಎಳೆಗಳು ಮೇಲೆದ್ದು ಲಾಳಿಗೆ, ಅಂದರೆ ಹೊಕ್ಕು ಸುತ್ತಿಕೊಂಡ ಕಡ್ಡಿಗೆ, ದಾರಿಯಾಗುತ್ತದೆ. ಈ ಹಲಗೆಯನ್ನು ಕೊನೆಯವರೆಗೆ ತೆಗೆಯುವುದಿಲ್ಲ.

ಎರಡನೆಯದು ದಾರದ ಕುಣಿಕೆಗಳು. ಹಲಗೆಯ ಕೆಳಗೆ ಉಳಿದ ಒಂದೊಂದು ಎಳೆಗೂ ಒಂದೊಂದು ಕುಣಿಕೆ ಹಾಕಿ ಎಲ್ಲವನ್ನೂ ಒಂದು ದುಂಡು ಕೋಲಿಗೆ ಕಟ್ಟಬೇಕು. ಕೋಲು ಹಲಗೆಗಿಂತ ನಿಮ್ಮ ಹತ್ತಿರದ ಬದಿಗೆ ಇರುತ್ತದೆ. ಹಲಗೆಯನ್ನು ಮಲಗಿಸಿ ದೂರಕ್ಕೆ ತಳ್ಳಿ ಕೋಲನ್ನು ಎತ್ತಿದರೆ ಇನ್ನರ್ಧ ಎಳೆಗಳು ಏಳುತ್ತವೆ. ಕುಣಿಕೆಗಳೆಲ್ಲ ಒಂದೇ ಉದ್ದ, ಸುಮಾರು 7 ಸೆಂ.ಮೀ., ಇರಬೇಕು. ಒಂದು ದಪ್ಪ ಪುಸ್ತಕಕ್ಕೋ ಹಲಗೆಗೋ ಸುತ್ತಿ ಗಂಟು ಹಾಕಿದರೆ ಸಮ ಬರುತ್ತದೆ. ಒಂದು ಕುಣಿಕೆ ಉದ್ದವಾದರೂ ಆ ಎಳೆ ಪೂರ್ತಿ ಏಳುವುದಿಲ್ಲ, ಲಾಳಿ ಅದರ ಮೇಲಿಂದ ಹಾದುಹೋಗಿ ಸಾಲಿನಲ್ಲಿ ಒಂದು ಕಟ್ಟು ತಪ್ಪುತ್ತದೆ. ಅದಕ್ಕೇ ಲಾಳಿ ಹಾಯಿಸುವ ಮುನ್ನ ಪ್ರತಿ ಸಲವೂ ತಲೆ ಬಗ್ಗಿಸಿ ಪಕ್ಕದಿಂದ ನೋಡಿ. ಆಚೆ ಬದಿಯ ಬೆಳಕು ತಡೆಯಿಲ್ಲದೆ ಕಾಣಬೇಕು.

ಹೊಕ್ಕು

ಸೀರೆ ಪೂರ್ತಿ ಹತ್ತಿಯದಿರಲಿ. ನೈಲಾನ್, ಪಾಲಿಯೆಸ್ಟರ್ ಸೀರೆ ನೆಟ್ಟಗೆ ಹರಿಯುವುದೂ ಇಲ್ಲ, ಸಾಲಿನಲ್ಲಿ ಕೂರುವುದೂ ಇಲ್ಲ. ಒಗೆದು ಗಂಜಿ ತೆಗೆದು, ಅಂಚು ಮತ್ತು ಜರಿ ಕತ್ತರಿಸಿ ಬೇರೆ ಇಡಿ. ಉಳಿದ ಒಡಲನ್ನು ಉದ್ದಕ್ಕೆ 3 ಸೆಂ.ಮೀ. ಅಗಲದ ಪಟ್ಟಿಗಳಾಗಿ ಹರಿಯಿರಿ. ಕತ್ತರಿಯಿಂದ ಕತ್ತರಿಸಿದರೆ ಪಟ್ಟಿ ಎಳೆ ಬಿಟ್ಟು ಓರೆಯಾಗುತ್ತದೆ, ಹರಿದರೆ ಎಳೆಯ ಗುಂಟ ನೇರ ಬರುತ್ತದೆ. ಒಂದು ಸೆಂ.ಮೀ.ಗೆ ಎರಡೂವರೆ ಸಾಲಿನಂತೆ 45 ಸೆಂ.ಮೀ.ಗೆ ಸುಮಾರು 112 ಸಾಲು, ಸಾಲಿಗೆ 38 ಸೆಂ.ಮೀ. ಪಟ್ಟಿ. ಒಟ್ಟು 43 ಮೀಟರ್. ಜೋಡಣೆಯೂ ಸೇರಿ ಸೀರೆಯ ಒಂದೂವರೆ ಮೀಟರ್ ತುಂಡು ಸಾಕಾಗುತ್ತದೆ.

ಮೊದಲ ಸಾಲನ್ನು ಕೆಳಗಿನ ಮೊಳೆಯಿಂದ 10 ಸೆಂ.ಮೀ. ಮೇಲೆ ಶುರುಮಾಡಿ, ಕೊನೆಗೆ ಗಂಟು ಹಾಕಲು ಅಷ್ಟು ದಾರ ಬೇಕು. ಆ ಖಾಲಿ ಜಾಗದಲ್ಲಿ ಎರಡು ರಟ್ಟಿನ ಪಟ್ಟಿ ತೂರಿಸಿದರೆ ಒತ್ತಿದ ಸಾಲು ಕೆಳಗೆ ಜಾರುವುದಿಲ್ಲ. ಮೊಳೆಯ ಬಳಿ ಹಾಸಿನ ಎಳೆಗಳು ಜೋಡಿ ಜೋಡಿಯಾಗಿ ನಿಂತಿರುತ್ತವೆ. ಅವನ್ನು ಸಮ ಅಂತರಕ್ಕೆ ತರಲು ಹಾಸಿನ ದಾರದ್ದೇ ಎರಡು ಎಳೆ ತೆಗೆದುಕೊಂಡು, ಒಂದು ಮೇಲೆ ಒಂದು ಕೆಳಗೆ ಮಾಡಿ ಪ್ರತಿ ಎಳೆಯ ನಡುವೆ ಒಂದು ತಿರುವು ಕೊಡುತ್ತಾ ಎರಡು ಸಾಲು ಹೆಣೆಯಿರಿ. ಬುಟ್ಟಿ ಹೆಣೆಯುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ.

ಪಟ್ಟಿಯನ್ನು ಲಾಳಿಗೆ ಸುತ್ತಿ. ಎರಡೂ ತುದಿಗೆ ಕಚ್ಚು ಹಾಕಿದ ಒಂದು ಗೇಣಿನ ಚಪ್ಪಟೆ ಕಡ್ಡಿಯೇ ಇಲ್ಲಿ ಲಾಳಿ. ತೀರಾ ದಪ್ಪ ಸುತ್ತಿದರೆ ದಾರಿಯಲ್ಲಿ ಹೋಗುವುದಿಲ್ಲ, ಒಂದು ಸಲಕ್ಕೆ ಮೂರ್ನಾಲ್ಕು ಮೀಟರ್ ಸಾಕು.

ಇನ್ನು ಎಲ್ಲರೂ ಎಡವುವ ಜಾಗ. ಲಾಳಿ ಹಾಯಿಸಿ ಪಟ್ಟಿಯನ್ನು ನೇರ ಎಳೆದು ಒತ್ತಿದರೆ ಬಟ್ಟೆ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತಾ ಹೋಗುತ್ತದೆ. 36 ಸೆಂ.ಮೀ. ಶುರುವಾದದ್ದು ನಡುವೆ 30ಕ್ಕೆ ಬಂದು ಡಮರುವಿನ ಆಕಾರ ತಾಳುತ್ತದೆ. ಹೊಕ್ಕು ಹಾಸಿನ ಮೇಲೆ ಕೆಳಗೆ ಅಲೆಯಂತೆ ಹೋಗಬೇಕು, ಆ ಅಲೆಗೆ ಹೆಚ್ಚುವರಿ ಉದ್ದ ಬೇಕು. ನೀವು ಕೊಡದಿದ್ದರೆ ಅದು ಅಂಚನ್ನು ಒಳಗೆ ಎಳೆದು ತೆಗೆದುಕೊಳ್ಳುತ್ತದೆ. ಆದ್ದರಿಂದ ಪಟ್ಟಿಯನ್ನು ನೇರವಾಗಿ ಅಲ್ಲ, ಕಾಮನಬಿಲ್ಲಿನಂತೆ ಬಾಗಿಸಿ ಹಾಯಿಸಿ, ನಡುವೆ ನಾಲ್ಕು ಬೆರಳಿನಷ್ಟು ಎತ್ತರ. ಅಂಚಿನ ಎಳೆಯನ್ನು ಇನ್ನೊಂದು ಕೈಯ ಎರಡು ಬೆರಳಲ್ಲಿ ಹಿಡಿದುಕೊಂಡು ಪಟ್ಟಿ ಅದನ್ನು ತಾಗುವಷ್ಟೇ ಎಳೆಯಿರಿ, ಒತ್ತುವಷ್ಟಲ್ಲ. ನಂತರ ಮರದ ಹಣಿಗೆಯಿಂದ ಬಿಲ್ಲಿನ ನಡುವನ್ನು ಮೊದಲು ಕೆಳಗೆ ತಂದು, ಅಲ್ಲಿಂದ ಎರಡೂ ಬದಿಗೆ ಒತ್ತುತ್ತಾ ಹೋಗಿ. ಎಳೆ ಬದಲಿಸಿದ ಮೇಲೆ ಇನ್ನೊಮ್ಮೆ ಒತ್ತಿ, ಎಳೆಗಳು ಅಡ್ಡ ಹಾದು ಕಚ್ಚಿಕೊಂಡಾಗ ಸಾಲು ಗಟ್ಟಿ ಕೂರುತ್ತದೆ.

ಒಂದು ಕಡ್ಡಿಯ ಮೇಲೆ 36 ಸೆಂ.ಮೀ. ಗುರುತು ಹಾಕಿಟ್ಟುಕೊಂಡು ಪ್ರತಿ ನಾಲ್ಕು ಬೆರಳು ಬಟ್ಟೆಗೊಮ್ಮೆ ಅಗಲ ನೋಡಿ. ಒಂದು ಸೆಂ.ಮೀ. ಕಡಿಮೆಯಾದರೆ ಮುಂದಿನ ಸಾಲುಗಳ ಬಿಲ್ಲು ಎತ್ತರಿಸಿ. ಎರಡು ಸೆಂ.ಮೀ. ಆದರೆ ಬಿಚ್ಚುವುದೇ ಸರಿ, ಎಷ್ಟೇ ಬೇಸರವಾಗಲಿ. ಅಂಚಿನಲ್ಲಿ ಕಿವಿಯಂತೆ ಕುಣಿಕೆಗಳು ಹೊರಬಂದರೆ ತಪ್ಪು ಇದರ ವಿರುದ್ಧದ್ದು, ತಿರುವಿನಲ್ಲಿ ಪಟ್ಟಿ ಸಡಿಲಾಗಿ ಬಿಟ್ಟಿದ್ದೀರಿ.

ಪಟ್ಟಿ ಮುಗಿದಾಗ ಗಂಟು ಹಾಕಬೇಡಿ, ಕೂತವರಿಗೆ ಚುಚ್ಚುತ್ತದೆ. ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ ಒಂದೇ ದಾರಿಯಲ್ಲಿ 6 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಇಟ್ಟು ಒತ್ತಿ. ಅಂಚಿನ ಬಳಿ ಜೋಡಿಸಬೇಡಿ, ಬಟ್ಟೆಯ ಒಡಲಲ್ಲಿ ಜೋಡಿಸಿ. ಜೋಡಣೆಗಳೆಲ್ಲ ಒಂದೇ ಗೆರೆಯಲ್ಲಿ ಬಂದರೆ ಅಲ್ಲೊಂದು ದಿಣ್ಣೆ ಏಳುತ್ತದೆ.

45 ಸೆಂ.ಮೀ. ಆದಾಗ ಮತ್ತೆ ಎರಡು ಸಾಲು ದಾರದ ಹೆಣಿಗೆ ಹಾಕಿ ನಿಲ್ಲಿಸಿ. ಮೇಲೆ ಸುಮಾರು 15 ಸೆಂ.ಮೀ. ಹಾಸು ನೇಯದೆ ಉಳಿಯುತ್ತದೆ. ಅದು ಹೇಗೂ ಇರಬೇಕಾದದ್ದು, ಗಂಟಿಗೆ ಬೇಕು. ಹಾಸನ್ನು ಒಟ್ಟಿಗೆ ಕತ್ತರಿಸಿದರೆ ಸಾಲುಗಳು ಕಳಚಿಕೊಳ್ಳುತ್ತವೆ. ನಾಲ್ಕು ಎಳೆ ಕತ್ತರಿಸಿ, ಬಟ್ಟೆಯ ಬುಡಕ್ಕೆ ತಂದು ಗಂಟು ಹಾಕಿ, ಆಮೇಲೆ ಮುಂದಿನ ನಾಲ್ಕು. ಒಂದು ಬದಿಗೆ 18 ಗಂಟು. ಚೌಕಟ್ಟಿನಿಂದ ಬಿಡಿಸಿದ ಮೇಲೆ ಎಳೆತ ಹೋಗಿ ಆಸನ ಎರಡು ಸೆಂ.ಮೀ.ನಷ್ಟು ಗಿಡ್ಡವಾಗುತ್ತದೆ, ಗಾಬರಿ ಬೇಡ.

ಬಣ್ಣ ಬೇಕೆಂದರೆ ಮನೆಯಲ್ಲೇ ಇದೆ. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1990ರ ದಶಕದಲ್ಲಿ ಶುರುವಾದ ಚರಕ ಮಹಿಳಾ ಸಹಕಾರ ಸಂಘ ಇಂಥ ನೈಸರ್ಗಿಕ ಬಣ್ಣಗಳ ಕೈಮಗ್ಗದ ಬಟ್ಟೆಗೆ ಹೆಸರಾಗಿದೆ. ಮನೆಯಲ್ಲಿ ಮಾಡುವುದಾದರೆ 100 ಗ್ರಾಂ ಹತ್ತಿಗೆ 5 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ ತೊಳೆಯಿರಿ. ಹತ್ತಿಯ ಮೇಣ ಹೋಗದಿದ್ದರೆ ಬಣ್ಣ ತೇಪೆ ತೇಪೆಯಾಗಿ ಹಿಡಿಯುತ್ತದೆ. ಬಳಿಕ 10ರಿಂದ 15 ಗ್ರಾಂ ಪಟಕ ಕರಗಿಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ಬೆರೆಸಿದ ಚೊಗರಿನಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿ. ಚೊಗರಿನ ದಪ್ಪ ಮನೆಯಿಂದ ಮನೆಗೆ ಬೇರೆ, ಹಾಗಾಗಿ ಮೊದಲು ಒಂದು ತುಂಡು ಅದ್ದಿ ಒಣಗಿಸಿ ನೋಡಿ. ತುಕ್ಕಿನ ನೀರು ಸೇರಿಸಿದರೆ ಕಂದು ಬಣ್ಣ ಕಪ್ಪಿಗೆ ತಿರುಗುತ್ತದೆ. ಆದರೆ ಕಬ್ಬಿಣ ಹೆಚ್ಚಾದರೆ ಹತ್ತಿ ಲಡ್ಡಾಗುತ್ತದೆ, ಹಾಸಿನ ದಾರಕ್ಕಂತೂ ಅದನ್ನು ಹಾಕಲೇಬೇಡಿ.

ಕಡ್ಡಿ ಹೆಣಿಗೆ

ಇದೇ ಬಿಡುವಿನಲ್ಲಿ ಕಲಿಯಬಹುದಾದ ಇನ್ನೊಂದು ಕೆಲಸ ಎರಡು ಕಡ್ಡಿಯಲ್ಲಿ ಉಲ್ಲನ್ ಹೆಣೆಯುವುದು. ಈ ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ದಾರ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಅದಕ್ಕೇ ಸ್ವೆಟರ್ ಹಿಗ್ಗುತ್ತದೆ, ಪಂಚೆ ಹಿಗ್ಗುವುದಿಲ್ಲ. ಅದಕ್ಕೇ ಒಂದು ಕುಣಿಕೆ ಜಾರಿದರೆ ಬುಡದವರೆಗೆ ಏಣಿಯಂತೆ ಬಿಚ್ಚಿಕೊಳ್ಳುತ್ತದೆ.

ಕಲಿಯಲು ಮಫ್ಲರ್ ಸಾಕು. ಅಂಗಡಿಯಲ್ಲಿ 8 ನಂಬರಿನ ಕಡ್ಡಿ ಕೇಳಿ, ಅದು 4 ಮಿ.ಮೀ. ದಪ್ಪ. ಈ ಲೆಕ್ಕದಲ್ಲಿ ನಂಬರ್ ಹೆಚ್ಚಾದಂತೆ ಕಡ್ಡಿ ಸಪೂರ. ಮಧ್ಯಮ ದಪ್ಪದ ಉಲ್ಲನ್ 200 ಗ್ರಾಂ ಒಟ್ಟಿಗೇ ಕೊಳ್ಳಿ, ಇನ್ನೊಂದು ಸಲ ಹೋದರೆ ಅದೇ ಬಣ್ಣವೆಂದು ಕೊಟ್ಟದ್ದು ಹೆಣೆದ ಮೇಲೆ ಬೇರೆ ಕಾಣಬಹುದು. 36 ಕುಣಿಕೆ ಏರಿಸಿಕೊಳ್ಳಿ. ಏರಿಸುವಾಗ ಎರಡೂ ಕಡ್ಡಿ ಜೋಡಿಸಿ ಹಿಡಿದು ಅದರ ಮೇಲೆ ಕುಣಿಕೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಡಿ. ಒಂದೇ ಕಡ್ಡಿಯ ಮೇಲೆ ಬಿಗಿದು ಏರಿಸಿದರೆ ಮೊದಲ ಸಾಲಿಗೆ ಕಡ್ಡಿಯ ಮೊನೆ ತೂರುವುದೇ ಇಲ್ಲ. ಎಲ್ಲ ಸಾಲನ್ನೂ ಸೀದಾ ಹೆಣೆಯಿರಿ: ಬಲಗಡ್ಡಿಯನ್ನು ಕುಣಿಕೆಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ದಾರ ಸುತ್ತಿ, ಅದನ್ನು ಕುಣಿಕೆಯ ಮೂಲಕ ಮುಂದಕ್ಕೆ ಎಳೆದು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಇಳಿಸಿ. ಅಗಲ ಸುಮಾರು 18 ಸೆಂ.ಮೀ. ಬರುತ್ತದೆ. ಉದ್ದ 140 ಸೆಂ.ಮೀ. ಆಗುವವರೆಗೆ ಸಾಗಿ.

ಹತ್ತು ಸಾಲಿಗೊಮ್ಮೆ ಕುಣಿಕೆ ಎಣಿಸಿ. 36 ಇದ್ದದ್ದು 39 ಆಗಿದ್ದರೆ ಬಹುತೇಕ ತಪ್ಪು ಸಾಲಿನ ಮೊದಲಲ್ಲೇ ಆಗಿರುತ್ತದೆ. ಸಾಲು ತಿರುಗಿಸಿದಾಗ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆಯ ಕೆಳಗಿನ ಎರಡು ಕಾಲುಗಳು ಮೇಲೆ ಬಂದು ಎರಡು ಕುಣಿಕೆಯಂತೆ ಕಾಣುತ್ತವೆ, ಎರಡನ್ನೂ ಹೆಣೆದುಬಿಡುತ್ತೀರಿ. ದಾರ ಕಡ್ಡಿಯ ಕೆಳಗಿಂದಲೇ ಹಿಂದಕ್ಕೆ ಹೋಗಬೇಕು. ಎಣಿಕೆ ಕಡಿಮೆಯಾಗಿದ್ದರೆ ಕುಣಿಕೆ ಜಾರಿದೆ. ಕ್ರೋಶಾ ಸೂಜಿಯಿಂದ ಅದನ್ನು ಹಿಡಿದು ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಎಳೆದು ಮೇಲೆ ತನ್ನಿ. ಮುಗಿಸುವಾಗ 7 ನಂಬರಿನ ಕಡ್ಡಿ ಬಳಸಿ ಸಡಿಲವಾಗಿ ಕುಣಿಕೆ ಮುಚ್ಚಿ, ಇಲ್ಲವಾದರೆ ಆ ತುದಿ ಮಾತ್ರ ಸುಕ್ಕುಕಟ್ಟಿ ನಿಲ್ಲುತ್ತದೆ.

ಒಗೆದು ಒಣಗಿಸುವಾಗ ಆಸನವನ್ನು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಬಹುದು, ಹೊಗೆ ತಾಗದಷ್ಟು ದೂರದಲ್ಲಿ. ಮಫ್ಲರನ್ನು ಅಲ್ಲಿ ನೇತುಹಾಕಬೇಡಿ. ನೀರಿನ ಭಾರಕ್ಕೆ ಕುಣಿಕೆಗಳು ಹಿಗ್ಗಿ ಮೊಳದುದ್ದ ಬೆಳೆಯುತ್ತದೆ, ಅಕ್ರಿಲಿಕ್ಕಿನದಾದರೆ ಕಿಡಿ ಬಿದ್ದ ಕಡೆ ಕರಗುತ್ತದೆ. ಹಿಂಡದೆ ಒಣ ಟವೆಲಿನಲ್ಲಿ ಸುತ್ತಿ ಕಾಲಿನಿಂದ ತುಳಿದು ನೀರು ತೆಗೆಯಿರಿ. ಆಮೇಲೆ ಮೊರದಂಥ ಬಿದಿರಿನ ಗೆರಸಿಯ ಮೇಲೆ ಅಳತೆಗೆ ಸರಿಯಾಗಿ ಹರಡಿ, ಗೆರಸಿಯನ್ನು ಎರಡು ಸ್ಟೂಲಿನ ಮೇಲಿಟ್ಟರೆ ಅಡಿಯಿಂದಲೂ ಗಾಳಿಯಾಡುತ್ತದೆ. ಬಿಡದೆ ಮಳೆ ಸುರಿಯುವ ವಾರದಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ದಿನಕ್ಕೊಮ್ಮೆ ಮಗುಚಿ ಹಾಕಿ.